ಜಿಮ್ಮಿ ಸ್ಮಿತ್ ಮತ್ತು ಆತನ ಆರ್ಗನ್

ಆರ್ಗನ್ ಎಂದೊಡನೆ ನೆನಪಿಗೆ ಬರುವುದು ಕ್ರೈಸ್ತರ ಇಗರ್ಜಿ. ಗೋಡೆಗೆ ಒರಗಿ ನಿಂತ ನೂರಾರು ಕೊಳವೆಗಳು, ಅವುಗಳಲ್ಲಿ ಹಾಯುವ ಗಾಳಿ, ಅದರಿಂದ ಹೊಮ್ಮುವ ಗಂಭೀರ ನಾದ. ಇಂಥ ವಾದ್ಯಕ್ಕೂ, ಅಮೆರಿಕದ ಕಪ್ಪು ಜನರು ನೃತ್ಯಶಾಲೆಗಳಲ್ಲಿ, ರಾತ್ರಿಯ ಕ್ಲಬ್ಬುಗಳಲ್ಲಿ ಬೆಳೆಸಿದ ಜಾಝ್ ಸಂಗೀತಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಆ ನಂಟನ್ನು ಬಲಪಡಿಸಿದವರಲ್ಲಿ ಜಿಮ್ಮಿ ಸ್ಮಿತ್‌ನ ಹೆಸರು ಮುಖ್ಯವಾದುದು.

ಮೊದಲು ವಾದ್ಯದ ಸಂಗತಿ. ಲಾರೆನ್ಸ್ ಹ್ಯಾಮಂಡ್ ಎಂಬ ಅಮೆರಿಕನ್ ಎಂಜಿನಿಯರು 1935ರಲ್ಲಿ ವಿದ್ಯುತ್ತಿನಿಂದ ನುಡಿಯುವ ಆರ್ಗನ್ನನ್ನು ಮಾರಾಟಕ್ಕೆ ತಂದನು. ನಮ್ಮ ಹಾರ್ಮೋನಿಯಮ್ಮಿನಲ್ಲಿರುವ ತಿದಿಯಾಗಲಿ ರೀಡುಗಳಾಗಲಿ ಇದರಲ್ಲಿಲ್ಲ. ಹಲ್ಲುಗಳುಳ್ಳ ಚಿಕ್ಕ ಲೋಹದ ಚಕ್ರಗಳು ಅಯಸ್ಕಾಂತಗಳ ಎದುರು ತಿರುಗುತ್ತವೆ. ಆಗ ತಂತಿಯ ಸುರುಳಿಗಳಲ್ಲಿ ಹುಟ್ಟುವ ವಿದ್ಯುತ್ ತರಂಗವೇ ಸ್ಪೀಕರಿನಲ್ಲಿ ನಾದವಾಗುತ್ತದೆ. ಕೊಳವೆಯ ಆರ್ಗನ್ನಿಗಿಂತ ಇದರ ಬೆಲೆ ಬಹಳ ಕಡಮೆಯಾದುದರಿಂದ ಸಣ್ಣ ಇಗರ್ಜಿಗಳು ಇದನ್ನು ಕೊಂಡವು. ಆದರೆ ಇದು ಕೊಳವೆಯ ಆರ್ಗನ್ನಿಗೆ ಸರಿಸಮ ಎಂಬ ಜಾಹೀರಾತಿಗೆ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗವು ಆಕ್ಷೇಪವೆತ್ತಿತು. 1937ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾರ್ಥನಾ ಮಂದಿರದಲ್ಲಿ ಎರಡನ್ನೂ ನುಡಿಸಿ ಕೇಳುಗರನ್ನು ಪರೀಕ್ಷಿಸಿದ್ದೂ ಉಂಟು. ಮರುವರ್ಷ ಆಯೋಗವು ಅಂಥ ಕೆಲವು ಮಾತುಗಳನ್ನು ನಿಲ್ಲಿಸುವಂತೆ ಆಜ್ಞೆ ಮಾಡಿತು. ಹೀಗೆ ಹುಟ್ಟಿದಂದಿನಿಂದ ಈ ವಾದ್ಯವನ್ನು ಮತ್ತೊಂದರ ಅನುಕರಣವೆಂದೇ ಅಳೆದರು.

ಜಾಝ್‌ನಲ್ಲಿ ಆರ್ಗನ್ನನ್ನು ನುಡಿಸಿದವರು ಸ್ಮಿತ್‌ಗಿಂತ ಮೊದಲೂ ಇದ್ದರು. ಪಾದ್ರಿಯ ಮಗನಾದ ಫ್ಯಾಟ್ಸ್ ವಾಲರ್ 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಲಿಂಕನ್ ಥಿಯೇಟರಿನಲ್ಲಿ ಮೂಕಿ ಚಿತ್ರಗಳಿಗೆ ಕೊಳವೆಯ ಆರ್ಗನ್ನನ್ನು ನುಡಿಸುತ್ತಿದ್ದನು. ಕೌಂಟ್ ಬೇಸಿ ಅಲ್ಲಿಯೇ ಆತನ ಬಳಿ ಕುಳಿತು ಪಾಠ ಕಲಿತನು. ಮುಂದೆ ವೈಲ್ಡ್ ಬಿಲ್ ಡೇವಿಸ್ ಹ್ಯಾಮಂಡ್ ಆರ್ಗನ್ನಿನಲ್ಲಿ ಇಡೀ ವಾದ್ಯವೃಂದದ ಮೊಳಗನ್ನು ತುಂಬಿದನು.

ಪೆನ್ಸಿಲ್ವೇನಿಯದ ನಾರಿಸ್‌ಟೌನ್‌ನಲ್ಲಿ 1920ರ ದಶಕದಲ್ಲಿ ಹುಟ್ಟಿದ ಸ್ಮಿತ್, ನೌಕಾದಳದ ಸೇವೆ ಮುಗಿಸಿ ಫಿಲಡೆಲ್ಫಿಯದಲ್ಲಿ ಸಂಗೀತ ಕಲಿತವನು. ವೃತ್ತಿಯಿಂದ ಪಿಯಾನೋ ವಾದಕ. 1950ರ ದಶಕದ ಆರಂಭದಲ್ಲಿ ಡೇವಿಸ್‌ನ ವಾದನವನ್ನು ಕೇಳಿ ಮನಸೋತನು. ಒಂದು ಹ್ಯಾಮಂಡ್ ಆರ್ಗನ್ನನ್ನು ಕೊಂಡು ಉಗ್ರಾಣವೊಂದರಲ್ಲಿ ಇರಿಸಿಕೊಂಡನು. ಕಾಲಿನಿಂದ ಒತ್ತುವ ಪೆಡಲುಗಳ ನಕ್ಷೆಯನ್ನು ಎದುರಿನ ಗೋಡೆಗೆ ಅಂಟಿಸಿ, ಬಗ್ಗಿ ನೋಡದೆ ನುಡಿಸುವುದು ರೂಢಿಯಾಗುವವರೆಗೆ ತಿಂಗಳುಗಟ್ಟಲೆ ಸಾಧನೆ ಮಾಡಿದನು.

ಈ ಸಾಧನೆಯಿಂದ ಬಂದುದೇನು? ಡೇವಿಸ್ ವಾದ್ಯವೃಂದವನ್ನು ನೆನಪಿಗೆ ತಂದರೆ, ಸ್ಮಿತ್ ಒಬ್ಬಂಟಿ ಸ್ಯಾಕ್ಸೊಫೋನ್ ವಾದಕನ ಮನೋಧರ್ಮವನ್ನು ಬಲಗೈಗೆ ತಂದನು. ಚಾರ್ಲಿ ಪಾರ್ಕರ್, ಬಡ್ ಪೊವೆಲ್ ಮೊದಲಾದವರ ಹೊಸ ಶೈಲಿಯ ಬಿರುಸಾದ ಸ್ವರಪಂಕ್ತಿಗಳು ಆರ್ಗನ್ನಿನಲ್ಲಿ ಮೂಡಿದವು. ಎಡಗೈ ಮಂದ್ರಸ್ವರಗಳನ್ನು ನಡೆಸುತ್ತಿತ್ತು; ಎಡಗಾಲು ಪೆಡಲನ್ನು ತಟ್ಟಿ ಅದಕ್ಕೆ ಒತ್ತು ಕೊಡುತ್ತಿತ್ತು; ಬಲಗಾಲು ನಾದವನ್ನು ಏರಿಸಿ ಇಳಿಸುತ್ತಿತ್ತು. ಬೇಸ್ ವಾದಕನ ಅಗತ್ಯವೇ ತಪ್ಪಿತು. ಆರ್ಗನ್, ಗಿಟಾರ್, ಡ್ರಮ್ ಈ ಮೂರರ ಮೇಳ ಮನೆಮಾತಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಈ ಆರ್ಗನ್ನಿನ ಮನೆಯೊತ್ತಿದಾಗ ಒಳಗಿನ ಒಂಬತ್ತು ಸಂಪರ್ಕಗಳು ಕೂದಲೆಳೆಯಷ್ಟು ಹಿಂದುಮುಂದಾಗಿ ಕೂಡುತ್ತವೆ. ಅದರಿಂದ ಸ್ವರದ ಮೊದಲಲ್ಲಿ ಟಕ್ಕೆಂಬ ಸಣ್ಣ ಸದ್ದಾಗುತ್ತದೆ. ತಯಾರಕರಿಗೆ ಅದು ದೋಷ. ಇಗರ್ಜಿಯ ನಿಧಾನ ಗತಿಯ ಗೀತೆಗೆ ಅದು ಬೇಡವೇ ಬೇಡ. ಆದರೆ ಲಯವೇ ಪ್ರಾಣವಾದ ಜಾಝ್‌ನಲ್ಲಿ ಅದೇ ಸದ್ದು ಪ್ರತಿ ಸ್ವರಕ್ಕೂ ಅಂಚು ಕೊಟ್ಟಿತು. ಕೊಳವೆಯ ಆರ್ಗನ್ನನ್ನು ಹೋಲಲು ಹೊರಟ ಯಂತ್ರವು, ಹೋಲದೆ ಹೋದಲ್ಲಿಯೇ ತನ್ನ ಸ್ವಂತ ದನಿಯನ್ನು ಪಡೆಯಿತು.

1956ರಲ್ಲಿ ಬ್ಲೂ ನೋಟ್ ಕಂಪೆನಿಯ ಆಲ್ಫ್ರೆಡ್ ಲಯನ್ ಹಾರ್ಲೆಮ್‌ನಲ್ಲಿ ಸ್ಮಿತ್‌ನನ್ನು ಕೇಳಿ ಒಡನೆಯೇ ಧ್ವನಿಮುದ್ರಣಕ್ಕೆ ಕರೆದನು. 1958ರಲ್ಲಿ ಮುದ್ರಿತವಾದ ‘ದಿ ಸರ್ಮನ್’ ಇಪ್ಪತ್ತು ನಿಮಿಷ ಮೀರಿದ ಬ್ಲೂಸ್. ಹೆಸರಿನ ಅರ್ಥ ಧರ್ಮೋಪದೇಶ ಎಂದು. ಇಗರ್ಜಿಯಿಂದ ಹೊರಟ ವಾದ್ಯವು ಅಲ್ಲಿನ ಆವೇಶವನ್ನು ಮರೆತಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. 1960ರಲ್ಲಿ ‘ಬ್ಯಾಕ್ ಅಟ್ ದಿ ಚಿಕನ್ ಷ್ಯಾಕ್’ ಮುದ್ರಿತವಾಯಿತು. 1962ರಲ್ಲಿ ವರ್ವ್ ಕಂಪೆನಿಗಾಗಿ ಆಲಿವರ್ ನೆಲ್ಸನ್‌ನ ದೊಡ್ಡ ವಾದ್ಯವೃಂದದೊಡನೆ ಆತ ನುಡಿಸಿದನು.

1970ರ ದಶಕದ ನಡುವೆ ಹ್ಯಾಮಂಡ್ ಕಂಪೆನಿಯು ಚಕ್ರಗಳ ಆರ್ಗನ್ನುಗಳ ತಯಾರಿಕೆಯನ್ನು ನಿಲ್ಲಿಸಿತು. ಸಿಂಥಸೈಜರುಗಳು ಬಂದವು. ಆದರೂ ಆ ನಾದಕ್ಕೆ ಬೇಡಿಕೆ ತಪ್ಪಲಿಲ್ಲ. 1987ರಲ್ಲಿ ಮೈಕೆಲ್ ಜಾಕ್ಸನ್‌ನ ‘ಬ್ಯಾಡ್’ ಹಾಡಿಗೆ ಆರ್ಗನ್ ನುಡಿಸಿದವನು ಸ್ಮಿತ್. 2005ರ ಫೆಬ್ರವರಿಯಲ್ಲಿ ಆತ ತೀರಿಕೊಂಡನು. ಅದೇ ವರ್ಷ ಹೊರಬಂದ ‘ಲೆಗಸಿ’ ಧ್ವನಿಮುದ್ರಿಕೆಯಲ್ಲಿ ಕಿರಿಯ ಆರ್ಗನ್ ವಾದಕ ಜೋಯಿ ಡಿಫ್ರಾನ್ಸೆಸ್ಕೊ ಜೊತೆಗಿದ್ದಾನೆ.

ಎಂದಾದರೂ ‘ದಿ ಸರ್ಮನ್’ ಕಿವಿಗೆ ಬಿದ್ದರೆ, ಮೊದಲು ಕೆಳಗಿನ ಮಂದ್ರಸ್ವರಗಳ ನಡಿಗೆಗೆ ಗಮನ ಕೊಡಿ. ಅನಂತರ ಮೇಲಿನ ಸ್ವರಗಳಿಗೆ. ಎರಡೂ ಒಬ್ಬನವೇ ಎಂದು ತಿಳಿದಾಗ, ಉಗ್ರಾಣದ ಆ ತಿಂಗಳುಗಳ ಬೆಲೆ ತಾನಾಗಿ ಅರ್ಥವಾದೀತು.