ವಸ್ತು ವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗ: ಅರ್ಹತೆ, ಪ್ರವೇಶ ವಿಧಾನ ಮತ್ತು ಅವಶ್ಯಕ ದಾಖಲೆಗಳು

1. ವಿಷಯ ಪರಿಚಯ

ಲೋಹ, ಪಿಂಗಾಣಿ, ಪಾಲಿಮರ್, ಅರೆವಾಹಕ ಮತ್ತು ಸಂಯುಕ್ತ ವಸ್ತುಗಳ ಆಂತರಿಕ ರಚನೆ, ಗುಣ ಹಾಗೂ ತಯಾರಿಕಾ ವಿಧಾನಗಳ ನಡುವಣ ಸಂಬಂಧವನ್ನು ಅಭ್ಯಸಿಸುವ ಶಾಸ್ತ್ರವೇ ವಸ್ತು ವಿಜ್ಞಾನ. ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿನಲ್ಲಿ ಒಮ್ಮೆಲೇ ತಣಿಸಿದಲ್ಲಿ ಗಡಸಾಗುವುದು. ಅದೇ ಉಕ್ಕನ್ನು ನಿಧಾನವಾಗಿ ತಣಿಸಿದಲ್ಲಿ ಮೆದುವಾಗುವುದು. ಇದರ ಕಾರಣವನ್ನು ಈ ಶಾಸ್ತ್ರವು ವಿವರಿಸುತ್ತದೆ. ಉಷ್ಣಗತಿಶಾಸ್ತ್ರ, ಸ್ಫಟಿಕ ರಚನೆ, ಯಾಂತ್ರಿಕ ಗುಣಗಳು ಹಾಗೂ ಸೂಕ್ಷ್ಮದರ್ಶಕ ಪರೀಕ್ಷಾ ವಿಧಾನಗಳು ಇದರ ಮುಖ್ಯ ಪಠ್ಯ ಭಾಗಗಳಾಗಿವೆ.

2. ವ್ಯಾಸಂಗದ ಎರಡು ಮಾರ್ಗಗಳು

ಅ) ಎಂ.ಎಸ್ಸಿ.: ಭೌತಶಾಸ್ತ್ರ, ರಸಾಯನಶಾಸ್ತ್ರ ಮುಂತಾದ ವಿಷಯಗಳನ್ನು ಅಭ್ಯಸಿಸಿದ ಬಿ.ಎಸ್ಸಿ. ಪದವೀಧರರಿಗೆ ಇದು ಸೂಕ್ತ ಮಾರ್ಗವಾಗಿದೆ. ರಾಜ್ಯದಲ್ಲಿ ಮಂಗಳೂರು ಮತ್ತು ಗುಲ್ಬರ್ಗಾ ವಿಶ್ವವಿದ್ಯಾಲಯಗಳು ವಸ್ತು ವಿಜ್ಞಾನ ವಿಭಾಗಗಳನ್ನು ಹೊಂದಿವೆ.

ಆ) ಎಂ.ಟೆಕ್.: ಇದು ಮುಖ್ಯವಾಗಿ ಇಂಜಿನಿಯರಿಂಗ್ ಪದವೀಧರರಿಗಾಗಿ ಇರುವ ಎರಡು ವರ್ಷಗಳ ವ್ಯಾಸಂಗವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಲಭ್ಯವಿದೆ. ಕೆಲವು ಸಂಸ್ಥೆಗಳು ಎಂ.ಎಸ್ಸಿ. ಪದವೀಧರರನ್ನೂ ಪರಿಗಣಿಸುವುದರಿಂದ, ಆಯಾ ಸಂಸ್ಥೆಯ ಮಾಹಿತಿ ಪುಸ್ತಿಕೆಯನ್ನು ಪರಿಶೀಲಿಸತಕ್ಕದ್ದು.

3. ಗೇಟ್ ಪರೀಕ್ಷೆ

ಈ ಪರೀಕ್ಷೆಯು 100 ಅಂಕಗಳದ್ದಾಗಿದ್ದು, 3 ಗಂಟೆಗಳ ಅವಧಿಯದ್ದಾಗಿರುತ್ತದೆ. ಅಭ್ಯರ್ಥಿಗಳು ಸಾಮಾನ್ಯವಾಗಿ ಲೋಹಶಾಸ್ತ್ರ ಇಂಜಿನಿಯರಿಂಗ್ ಅಥವಾ ಇಂಜಿನಿಯರಿಂಗ್ ವಿಜ್ಞಾನ ಪತ್ರಿಕೆಯನ್ನು ಆಯ್ದುಕೊಳ್ಳುವರು. ಎರಡನೆಯದರಲ್ಲಿ ಗಣಿತ ಕಡ್ಡಾಯವಾಗಿದ್ದು, ಐಚ್ಛಿಕ ಭಾಗಗಳ ಪೈಕಿ ಎರಡನ್ನು ಉತ್ತರಿಸಬೇಕು. ಅವುಗಳಲ್ಲಿ ವಸ್ತು ವಿಜ್ಞಾನವೂ ಒಂದು. ಫಲಿತಾಂಶ ಪ್ರಕಟವಾದ ದಿನದಿಂದ 3 ವರ್ಷಗಳವರೆಗೆ ಅಂಕವು ಮಾನ್ಯವಾಗಿರುತ್ತದೆ.

ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಪೂರ್ಣಾವಧಿ ಎಂ.ಟೆಕ್.ಗೆ ಪ್ರವೇಶ ಪಡೆದವರಿಗೆ, ನಿಯಮಗಳಿಗೊಳಪಟ್ಟು, ಮಾಸಿಕ ರೂ. 12,400ರಂತೆ ವಿದ್ಯಾರ್ಥಿವೇತನ ದೊರೆಯುತ್ತದೆ. ಗೇಟ್ ಇಲ್ಲದೆ, ಕೇವಲ ಪಿಜಿಸಿಇಟಿ ಮೂಲಕ ಪ್ರವೇಶ ಪಡೆದವರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

4. ಅರ್ಜಿ ಸಲ್ಲಿಸುವ ವಿಧಾನ

ಗೇಟ್ ಬರೆದ ಮಾತ್ರಕ್ಕೆ ಪ್ರವೇಶ ದೊರೆಯುವುದಿಲ್ಲ. ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಿಗೆ ಸಿಸಿಎಂಟಿ ಎಂಬ ಕೇಂದ್ರೀಕೃತ ಸಮಾಲೋಚನೆಗೆ ನೋಂದಾಯಿಸಿಕೊಳ್ಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿದ್ದು, ಅದರ ಕೊನೆಯ ದಿನಾಂಕವು ಗೇಟ್ ಫಲಿತಾಂಶದ ಆಸುಪಾಸಿನಲ್ಲೇ ಬರಬಹುದಾದ್ದರಿಂದ, ಫಲಿತಾಂಶಕ್ಕಾಗಿ ಕಾಯದೆ ಅರ್ಜಿ ಸಲ್ಲಿಸುವುದು ಕ್ಷೇಮಕರ. ಎಂ.ಎಸ್ಸಿ. ಪ್ರವೇಶಕ್ಕೆ ವಿಶ್ವವಿದ್ಯಾಲಯಗಳು ಹೊರಡಿಸುವ ಅಧಿಸೂಚನೆಯನ್ನು ಅನುಸರಿಸತಕ್ಕದ್ದು.

5. ಜಾತಿ ಪ್ರಮಾಣಪತ್ರ: ವಿಶೇಷ ಸೂಚನೆ

ಹಿಂದುಳಿದ ವರ್ಗಗಳ ಅಭ್ಯರ್ಥಿಗಳು ಈ ಅಂಶವನ್ನು ಅವಶ್ಯವಾಗಿ ಗಮನಿಸುವುದು. ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ವರ್ಗೀಕರಣವು ರಾಜ್ಯದ ಮೀಸಲಾತಿಗೆ ಸಂಬಂಧಿಸಿದ್ದು, ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಅದರ ಪ್ರಮಾಣಪತ್ರವನ್ನು ಅಂಗೀಕರಿಸಲಾಗುವುದಿಲ್ಲ. ಅಲ್ಲಿ ಇತರೆ ಹಿಂದುಳಿದ ವರ್ಗದ ಮೀಸಲಾತಿ ಪಡೆಯಲು, ಅಭ್ಯರ್ಥಿಯ ಜಾತಿಯು ಕೇಂದ್ರದ ಪಟ್ಟಿಯಲ್ಲಿ ಇರಬೇಕು. ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವು ಕೇಂದ್ರದ ನಮೂನೆಯಲ್ಲಿಯೇ, ಅಧಿಸೂಚನೆಯಲ್ಲಿ ನಿಗದಿಪಡಿಸಿದ ದಿನಾಂಕದ ನಂತರ ಪಡೆದದ್ದಾಗಿರಬೇಕು. ಪರಿಶೀಲನೆಯ ವೇಳೆ ಇದನ್ನು ಹಾಜರುಪಡಿಸದ ಅಭ್ಯರ್ಥಿಯು, ಉತ್ತಮ ಅಂಕ ಗಳಿಸಿದ್ದಾಗ್ಯೂ, ಮೀಸಲು ಸೀಟನ್ನು ಕಳೆದುಕೊಳ್ಳುವ ಸಂಭವವಿರುತ್ತದೆ. ಆದ್ದರಿಂದ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸುವಾಗ, ಪ್ರಮಾಣಪತ್ರವು ಕೇಂದ್ರದ ಉದ್ದೇಶಕ್ಕೆಂದು ಸ್ಪಷ್ಟವಾಗಿ ನಮೂದಿಸತಕ್ಕದ್ದು.

6. ಅವಶ್ಯಕ ದಾಖಲೆಗಳು

• ಎಸ್.ಎಸ್.ಎಲ್.ಸಿ. ಅಂಕಪಟ್ಟಿ
• ಪದವಿಯ ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿಗಳು
• ಪದವಿ ಅಥವಾ ತಾತ್ಕಾಲಿಕ ಪದವಿ ಪ್ರಮಾಣಪತ್ರ
• ಗೇಟ್ ಅಂಕಪತ್ರ, ಎಂ.ಟೆಕ್. ಅಭ್ಯರ್ಥಿಗಳಿಗೆ
• ಮೀಸಲಾತಿ ಕೋರುವವರಿಗೆ ಸಂಬಂಧಿತ ಪ್ರಮಾಣಪತ್ರ

ಎಲ್ಲಾ ದಾಖಲೆಗಳಲ್ಲಿ ಅಭ್ಯರ್ಥಿಯ ಹೆಸರು ಒಂದೇ ರೀತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳುವುದು. ದಿನಾಂಕ, ಶುಲ್ಕ ಹಾಗೂ ಸೀಟುಗಳ ಸಂಖ್ಯೆಯ ವಿಷಯದಲ್ಲಿ ಆಯಾ ವರ್ಷದ ಅಧಿಸೂಚನೆಯೇ ಅಂತಿಮವಾಗಿರುತ್ತದೆ.