ಗಡಿಗೆ ಗೇಟು ಬಿದ್ದ ವರ್ಷ

ಮತ್ತಿಘಟ್ಟದಿಂದ ಹೊರಟು ಗೋವಾಕ್ಕೋ ಮುಂಬೈಗೋ ಹೋಗುವವರು ರಾಜ್ಯದ ಗಡಿ ಎಲ್ಲಿ ಕಳೆಯಿತೆಂದು ಗಮನಿಸುತ್ತಿರಲಿಲ್ಲ. ಶಾಲೆಯಲ್ಲಿ ನಾವು ನಕಾಶೆಯ ಮೇಲೆ ಎಳೆದ ಗೆರೆ ಅದು, ಅಷ್ಟೇ. 2020ರಲ್ಲಿ ಆ ಗೆರೆ ಗೇಟಾಯಿತು.

ಇದು ಮೊದಲ ಸಲವೇನಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂದಾಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಮರುವರ್ಷ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯು ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಶಂಕಿತರನ್ನು ಬೇರೆಯಿರಿಸುವ, ಬಂದರಿನಲ್ಲಿ ಹಡಗು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆದರೂ 1898ರಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. 2020ರ ಮಾರ್ಚ್ 11ರಂದು ಕರ್ನಾಟಕ ಕೋವಿಡ್ ನಿಯಮಗಳನ್ನು ಹೊರಡಿಸಿದ್ದೂ ಇದೇ ಹಳೆಯ ಕಾಯ್ದೆಯಡಿಯಲ್ಲಿ.

ಆ ತಿಂಗಳ ಕೊನೆಯಲ್ಲಿ ಕರ್ನಾಟಕವು ಕಾಸರಗೋಡಿನ ಗಡಿ ಮುಚ್ಚಿತು. ತಲಪಾಡಿಯಲ್ಲಿ ವಾಹನಗಳು ನಿಂತವು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಕಾಸರಗೋಡಿನವರಿಗೆ, ಅಲ್ಲಿನ ಕನ್ನಡಿಗರಿಗೂ, ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ರೋಗಿಗಳಿದ್ದ ಅಂಬುಲೆನ್ಸುಗಳೇ ಹಿಂತಿರುಗಿದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ, ಕೋವಿಡ್ ಇಲ್ಲದ ರೋಗಿಗಳನ್ನು ತಪಾಸಣೆ ಮಾಡಿ ಬಿಡುವುದೆಂದು ಒಪ್ಪಂದವಾಯಿತು.

ಮೇ ತಿಂಗಳಲ್ಲಿ ಹೊರಗಿದ್ದವರು ಊರಿಗೆ ಹೊರಟರು. ಸೇವಾ ಸಿಂಧುವಿನಲ್ಲಿ ಹೆಸರು ನೋಂದಾಯಿಸಬೇಕು, ಪಾಸು ಬರಬೇಕು, ಬಂದಮೇಲೆ ಕ್ವಾರಂಟೈನ್. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸರ್ಕಾರ ಹೇಳಿತು. ಅತ್ತ, ಬೆಂಗಳೂರಿನಿಂದ ತಮ್ಮೂರಿಗೆ ಹೋಗಬೇಕಿದ್ದ ಹೊರರಾಜ್ಯದ ಕೂಲಿಕಾರರ ರೈಲುಗಳನ್ನು ಆ ತಿಂಗಳ ಮೊದಲ ವಾರದಲ್ಲಿ ರದ್ದುಮಾಡಿ, ಟೀಕೆ ಬಂದಮೇಲೆ ಮತ್ತೆ ಓಡಿಸಲಾಯಿತು. ಒಬ್ಬರಿಗೆ ಒಳಬರಲು ಬಾಗಿಲಿಲ್ಲ, ಇನ್ನೊಬ್ಬರಿಗೆ ಹೊರಹೋಗಲು. ಆಗಸ್ಟ್ 24ಕ್ಕೆ ನೋಂದಣಿ, ಗಡಿ ತಪಾಸಣೆ, ಕ್ವಾರಂಟೈನ್ ಎಲ್ಲವನ್ನೂ ಕೈಬಿಡಲಾಯಿತು.

ಒಳಗಿದ್ದವರ ಭಯ ಸುಳ್ಳಾಗಿರಲಿಲ್ಲ. ಮನೆಮನೆಯಲ್ಲೂ ವಯಸ್ಸಾದವರು, ದೊಡ್ಡ ಆಸ್ಪತ್ರೆ ದೂರ. ಆದರೆ ಇದೇ ಕಾರಣಕ್ಕೆ ಕಾಸರಗೋಡಿನವರ ಕಷ್ಟ ನಮಗೆ ಬೇಗ ತಿಳಿಯಬೇಕು. ನಾವೂ ಕಾಯಿಲೆ ಜೋರಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡುವವರೇ. ಆ ಊರುಗಳು ನಮ್ಮದೇ ರಾಜ್ಯದಲ್ಲಿರುವುದು ನಮ್ಮ ಪುಣ್ಯ.

ಈ ಶಾಲೆಯಲ್ಲಿ ಕಲಿತವರು ಇಂದು ಎಲ್ಲೆಲ್ಲೋ ಇದ್ದಾರೆ. ಮುಂದೊಮ್ಮೆ ಗಡಿ ಮುಚ್ಚಬೇಕಾಗಿ ಬಂದರೂ ರೋಗಿಗೆ ಮತ್ತು ಮನೆಗೆ ಮರಳುವವನಿಗೆ ದಾರಿ ಬಿಟ್ಟೇ ಮುಚ್ಚಬೇಕು. 2020ರಿಂದ ನಾವು ಕಲಿಯಬೇಕಾದ ಪಾಠ ಇದು.