ಕ್ರೈಸ್ತ ಯುವಜನ ಸೇವೆ: ದೈವಶಾಸ್ತ್ರೀಯ ತಳಹದಿಯ ಇತಿಹಾಸ

ಹದಿಹರೆಯದವರನ್ನೂ ಯೌವನಸ್ಥರನ್ನೂ ವಿಶ್ವಾಸದಲ್ಲಿ ಬೆಳೆಸಲು ಕ್ರೈಸ್ತ ಸಭೆಗಳು ನಡೆಸುವ ಬೋಧನೆ, ಆರಾಧನೆ ಮತ್ತು ಒಡನಾಟದ ಕೆಲಸಕ್ಕೆ ಯುವಜನ ಸೇವೆ ಎಂದು ಹೆಸರು. ಸಂಡೇ ಸ್ಕೂಲ್, ಯೌವನಸ್ಥರ ಕೂಟ, ಶಿಬಿರ, ದೃಢೀಕರಣದ ತರಗತಿಗಳೆಲ್ಲ ಇದರೊಳಗೆ ಬರುತ್ತವೆ. ಈ ಕೆಲಸ ಮೊದಲು ಹುಟ್ಟಿತು. ಅದನ್ನು ಏಕೆ ಮಾಡಬೇಕು ಎಂಬ ದೈವಶಾಸ್ತ್ರದ ವಿಚಾರಣೆ ಬಹಳ ತಡವಾಗಿ ಬಂದಿತು.

ಬೈಬಲಿನಲ್ಲಿ ಯುವಜನ ಸೇವೆ ಎಂಬ ಪ್ರತ್ಯೇಕ ವ್ಯವಸ್ಥೆ ಇಲ್ಲ. ಧರ್ಮೋಪದೇಶಕಾಂಡದ 6ನೇ ಅಧ್ಯಾಯವು ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸುವ ಹೊಣೆಯನ್ನು ಮನೆಗೆ ಒಪ್ಪಿಸುತ್ತದೆ. ಆದರೆ ಚಿಕ್ಕ ವಯಸ್ಸಿನವರನ್ನು ದೇವರೇ ಕರೆದ ಪ್ರಸಂಗಗಳು ಬೈಬಲಿನಲ್ಲಿ ಹೇರಳವಾಗಿವೆ. ಮುದುಕನಾದ ಏಲಿಗೆ ಕೇಳಿಸದ ದನಿ ಬಾಲಕ ಸಮುವೇಲನಿಗೆ ಕೇಳಿಸುತ್ತದೆ. ತಾನಿನ್ನೂ ಹುಡುಗ ಎಂಬ ಯೆರೆಮೀಯನ ಹಿಂಜರಿಕೆಯನ್ನು ದೇವರು ಒಪ್ಪುವುದಿಲ್ಲ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಾನೆ. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು ಎಂಬ ಯೋವೇಲನ ಮಾತನ್ನು ಪೇತ್ರನು ಪಂಚಾಶತ್ತಮ ದಿನದಂದು ಮತ್ತೆ ಎತ್ತುತ್ತಾನೆ. ಇವುಗಳಲ್ಲಿ ಎಳೆಯರು ಬರೀ ಪಾಠ ಕೇಳುವವರಲ್ಲ, ಕೆಲಸಕ್ಕೆ ನೇಮಕಗೊಂಡವರು.

ಆಧುನಿಕ ಯುವಜನ ಸಂಘಗಳನ್ನು ಕೈಗಾರಿಕಾ ನಗರಗಳು ಹುಟ್ಟಿಸಿದವು. ವಾರವೆಲ್ಲ ದುಡಿಯುತ್ತಿದ್ದ ಮಕ್ಕಳಿಗಾಗಿ ರಾಬರ್ಟ್ ರೇಕ್ಸ್ 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಭಾನುವಾರದ ಶಾಲೆ ತೆರೆದರು. ಲಂಡನ್ನಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಯುವಕರನ್ನು ಕೂಡಿಸಿ ಜಾರ್ಜ್ ವಿಲಿಯಮ್ಸ್ 1844ರಲ್ಲಿ ವೈಎಂಸಿಎ ಸ್ಥಾಪಿಸಿದರು. ಫ್ರಾನ್ಸಿಸ್ ಕ್ಲಾರ್ಕ್ 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕ್ರಿಶ್ಚಿಯನ್ ಎಂಡೆವರ್ ಆರಂಭಿಸಿದರು. 1889ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮೆಥೋಡಿಸ್ಟರ ಎಪ್ವರ್ತ್ ಲೀಗ್ ರೂಪುಗೊಂಡಿತು. ಹತ್ತೊಂಬತ್ತನೇ ಶತಮಾನದಲ್ಲೇ ಒಂದು ಮೂಲಭೂತ ಚರ್ಚೆಯೂ ಎದ್ದಿತು. ಪ್ರತಿಯೊಬ್ಬ ಯುವಕನೂ ಪಶ್ಚಾತ್ತಾಪದ ಒಂದು ಗಳಿಗೆಯನ್ನು ಹಾದುಬರಲೇಬೇಕು ಎಂಬುದು ಉಜ್ಜೀವನ ಕೂಟಗಳವರ ನಿಲುವು. ಮಗು ಹುಟ್ಟಿನಿಂದಲೇ ಕ್ರೈಸ್ತನಾಗಿ ಬೆಳೆಯಬಹುದು ಎಂದು ಅಮೆರಿಕದ ಪಾದ್ರಿ ಹೊರೇಸ್ ಬುಶ್ನೆಲ್ 1847ರಲ್ಲಿ ವಾದಿಸಿದರು. ಸಭೆಗಳು ಇಂದಿಗೂ ಈ ಎರಡು ನಿಲುವುಗಳ ನಡುವೆ ತೂಗುತ್ತಿವೆ.

ಕಲಬುರಗಿ ಸೀಮೆಗೆ ಈ ಪರಂಪರೆ ತಲುಪಿದ ಬಗೆಯನ್ನು ರೈಲಿನಿಂದ ಬೇರ್ಪಡಿಸಲಾಗದು. ಮುಂಬೈಯಿಂದ ರಾಯಚೂರಿಗೆ ಹೋಗುವ ಮಾರ್ಗ 1871ರಲ್ಲಿ ಪೂರ್ಣಗೊಂಡಿತು. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲು 1874ರಲ್ಲಿ ಓಡಿತು. ಅದೇ ವರ್ಷಗಳಲ್ಲಿ ಮಿಷನರಿ ವಿಲಿಯಂ ಟೇಲರ್ ಮುಂಬೈಯಲ್ಲಿ ಮೆಥೋಡಿಸ್ಟ್ ಸಭೆಗಳನ್ನು ಕಟ್ಟುತ್ತಿದ್ದರು. 1876ರಲ್ಲಿ ಮೆಥೋಡಿಸ್ಟರ ದಕ್ಷಿಣ ಭಾರತ ಕಾನ್ಫರೆನ್ಸ್ ಏರ್ಪಟ್ಟಿತು. ರೈಲಿನ ದಾರಿಯಿಂದಲೇ ಈ ಕೆಲಸ ಒಳನಾಡಿಗೂ ಬಂದಿತು. ಮುಂದೆ ಬೀದರ್, ಕಲಬುರಗಿ ಭಾಗಗಳಲ್ಲಿ ಸಭೆ ಸೇರಿದವರಲ್ಲಿ ಬಹುಪಾಲು ದಲಿತ ಕುಟುಂಬಗಳು. ಮೆಥೋಡಿಸ್ಟ್ ಚರ್ಚ್ 1981ರಲ್ಲಿ ಭಾರತದಲ್ಲಿ ಸ್ವಾಯತ್ತವಾಯಿತು.

ಈ ಸೀಮೆಯ ಯುವಜನ ಸೇವೆಗೆ ಗಟ್ಟಿ ನೆಲೆ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಬೋಧನೆಯಲ್ಲೇ ಇದೆ. ಮನುಷ್ಯ ದೇವರನ್ನು ಹುಡುಕುವ ಮೊದಲೇ ದೇವರ ಕೃಪೆ ಅವನಲ್ಲಿ ಕೆಲಸ ಮಾಡುತ್ತಿರುತ್ತದೆ ಎಂಬುದು ಆತನ ಮುಖ್ಯ ಸಿದ್ಧಾಂತಗಳಲ್ಲಿ ಒಂದು. ಹಾಗಿದ್ದರೆ ಚರ್ಚಿನ ಮೆಟ್ಟಿಲು ಹತ್ತದ ಹುಡುಗನೂ ಕೃಪೆಯಿಂದ ಹೊರಗಿಲ್ಲ. ಯುವಜನ ನಾಯಕನ ಕೆಲಸ ಅದನ್ನು ಗುರುತಿಸಿ ತೋರಿಸುವುದು. ಪರಿಶುದ್ಧತೆ ಒಂಟಿಯಾಗಿ ಸಾಧಿಸುವಂಥದ್ದಲ್ಲ ಎಂಬುದು ಇನ್ನೊಂದು ಸಿದ್ಧಾಂತ. 1742ರಲ್ಲಿ ಬ್ರಿಸ್ಟಲಿನಲ್ಲಿ ಮೊದಲಾದ ಕ್ಲಾಸ್ ಮೀಟಿಂಗಿನಲ್ಲಿ ಹತ್ತು ಹನ್ನೆರಡು ಮಂದಿ ವಾರಕ್ಕೊಮ್ಮೆ ಕೂಡಿ ತಮ್ಮ ಬಾಳಿನ ಲೆಕ್ಕ ಒಪ್ಪಿಸುತ್ತಿದ್ದರು. ಆಟ, ಹಾಡು, ಸ್ಪರ್ಧೆಗಳಲ್ಲೇ ಮುಗಿದುಹೋಗುವ ಯೌವನಸ್ಥರ ಕೂಟ ಈ ಆಸ್ತಿಯನ್ನು ಬಳಸದೆ ಬಿಟ್ಟಂತೆ. ಸೇಡಂ ಮಾರ್ಗದಲ್ಲೇ ತೆಲಂಗಾಣದ ಧಾರೂರಿನಲ್ಲಿ ಮೆಥೋಡಿಸ್ಟರ ವಾರ್ಷಿಕ ಜಾತ್ರೆ ನಡೆಯುತ್ತದೆ. ಕುಟುಂಬಗಳು ಅಲ್ಲಿ ದಿನಗಟ್ಟಲೆ ಬಿಡಾರ ಹೂಡುತ್ತವೆ. ಹಿರಿಯರ ಮತ್ತು ಕಿರಿಯರ ಆರಾಧನೆ ಬೇರೆಯಾಗದೆ ಉಳಿದಿರುವುದು ಇಂಥ ಕೂಟಗಳಲ್ಲೇ.

ಕಥೋಲಿಕ ಸಭೆ ಬೇರೆ ದಾರಿಯಿಂದ ಇದೇ ಪ್ರಶ್ನೆಗೆ ಬಂದಿತು. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ 1925ರ ಹೊತ್ತಿಗೆ ಕಾರ್ಮಿಕ ಯುವಜನರ ಚಳವಳಿ ಕಟ್ಟಿ, ಪರಿಸ್ಥಿತಿಯನ್ನು ನೋಡುವುದು, ಸುವಾರ್ತೆಯ ಬೆಳಕಿನಲ್ಲಿ ತೂಗುವುದು, ಬಳಿಕ ಕಾರ್ಯಕ್ಕಿಳಿಯುವುದು ಎಂಬ ಕ್ರಮವನ್ನು ಕೊಟ್ಟರು. ಈ ಸಭೆಯ ಕಲಬುರಗಿ ಧರ್ಮಕ್ಷೇತ್ರ 2005ರಲ್ಲಿ ಸ್ಥಾಪನೆಯಾಯಿತು. ಯುವಜನರ ಕುರಿತ 2018ರ ಬಿಷಪರ ಸಿನೊಡ್ ಬಳಿಕ ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ‘ಕ್ರಿಸ್ತುಸ್ ವಿವಿತ್’ ಪತ್ರ ಯುವಜನರನ್ನು ಸಭೆಯ ನಾಳೆಯೆಂದಲ್ಲ, ಇಂದೆಂದೇ ಕಾಣುತ್ತದೆ.

ಭಾರತದ ನೆಲದಲ್ಲಿ ಈ ಚಿಂತನೆ ಬೆಳೆದದ್ದು ಬಹುಮಟ್ಟಿಗೆ ಬೆಂಗಳೂರಿನಲ್ಲಿ. 1910ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು ಅಲ್ಲಿ ಆರಂಭವಾದವು. ವಿದ್ಯಾರ್ಥಿ ಚಳವಳಿಯಿಂದ ಬಂದ ಎಂ.ಎಂ. ಥಾಮಸ್ ಆ ಸಂಸ್ಥೆಯ ನಿರ್ದೇಶಕರಾಗಿ, ರಾಷ್ಟ್ರನಿರ್ಮಾಣದಲ್ಲೂ ಕ್ರಿಸ್ತನ ಕೆಲಸವನ್ನು ಕಾಣಬೇಕೆಂದರು. 1981ರಲ್ಲಿ ಅದೇ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರಕ್ಕೆ ಚಾಲನೆ ಸಿಕ್ಕಿತು. ಅವಮಾನಿತರ ಜೊತೆ ನಿಂತು ನೋವುಂಡ ಕ್ರಿಸ್ತನನ್ನು ಅದು ಮುಂದಿಟ್ಟಿತು. ಶಹಾಬಾದಿನ ಕಲ್ಲಿನ ಗಣಿ, ವಾಡಿ ಮತ್ತು ಆದಿತ್ಯನಗರದ ಸಿಮೆಂಟ್ ಕಾರ್ಖಾನೆ, ಚಿಂಚೋಳಿಯ ತೊಗರಿ ಹೊಲ, ಹೈದರಾಬಾದು ಮುಂಬೈಗಳಿಗೆ ಗುಳೆ ಇವುಗಳ ನಡುವೆ ಬೆಳೆಯುವ ಮಕ್ಕಳಿಗೆ ಈ ಕ್ರಿಸ್ತ ಅಪರಿಚಿತನಲ್ಲ.

ಯುವಜನ ಸೇವೆಯ ಇತ್ತೀಚಿನ ಬರಹಗಳಲ್ಲಿ ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಚ್ ಬೊನ್‌ಹೋಫರ್ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. 1931–32ರಲ್ಲಿ ಬರ್ಲಿನ್ನಿನ ಬಡ ಕೇರಿಯ ಹುಡುಗರಿಗೆ ದೃಢೀಕರಣದ ಪಾಠ ಹೇಳಲು ಅವರು ಆ ಕೇರಿಯಲ್ಲೇ ಕೋಣೆ ಹಿಡಿದಿದ್ದರು. ಯುವಜನರಿಗೆ ಸಭೆಯಲ್ಲಿ ವಿಶೇಷ ಪಟ್ಟ ಬೇಡ, ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಇರುವ ಸ್ಥಾನವೇ ಅವರದ್ದು ಎಂಬುದು ಅವರ ನಿಲುವು. ಅಮೆರಿಕದ ಆಂಡ್ರ್ಯೂ ರೂಟ್ ಇದನ್ನು ಮುಂದುವರಿಸಿ, ಗೆಳೆತನವನ್ನು ಜನ ಸೇರಿಸುವ ಉಪಾಯವಾಗಿ ಬಳಸುವುದನ್ನು 2007ರಿಂದೀಚೆಗಿನ ಕೃತಿಗಳಲ್ಲಿ ಖಂಡಿಸಿದ್ದಾರೆ. ಯುವಕರ ನೋವಿನಲ್ಲಿ ಪಾಲ್ಗೊಳ್ಳುವ ಒಡನಾಟದಲ್ಲೇ ಕ್ರಿಸ್ತನ ಸನ್ನಿಧಿ ಇದೆ ಎಂಬುದು ಅವರ ವಾದ. ಕಲಬುರಗಿ ಸೀಮೆಯ ಸಭೆಗಳಿಗೆ ಈ ವಾದವೂ ದಲಿತ ದೈವಶಾಸ್ತ್ರವೂ ಒಟ್ಟಿಗೆ ಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧವಾಗುತ್ತದೆ.